ಓದುಗರ ಪ್ರಶ್ನೆ: ಓದಲು ಒಲ್ಲದ ಹೈಸ್ಕೂಲು ಮಕ್ಕಳಿಗೆ ಯಾವ ಪುಸ್ತಕ ಕೊಡಬೇಕು?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. ಒಂಬತ್ತನೆಯ ತರಗತಿಯ ನಲವತ್ತು ಮಕ್ಕಳಲ್ಲಿ ಪಠ್ಯಪುಸ್ತಕದ ಆಚೆ ಏನನ್ನಾದರೂ ಓದುವವರು ಐದಾರು ಮಂದಿ ಮಾತ್ರ. ಶಾಲೆಯ ಬೀರುವಿನಲ್ಲಿ ನಮ್ಮ ಹಿರಿಯ ಲೇಖಕರ ಪುಸ್ತಕಗಳಿವೆ. ಪ್ರತಿ ಶನಿವಾರ ಅವನ್ನು ಹಂಚುತ್ತೇನೆ. ಮುಂದಿನ ಶನಿವಾರ ಅವು ಓದದೆಯೇ ಮರಳಿ ಬರುತ್ತವೆ. ಎಲ್ಲಕ್ಕೂ ಮೊಬೈಲನ್ನು ದೂರಿ ಸುಮ್ಮನಿರಲು ನನಗೆ ಮನಸ್ಸಿಲ್ಲ. ಇಂಥ ಮಕ್ಕಳಿಗೆ ಯಾವ ಪುಸ್ತಕಗಳನ್ನು ಆರಿಸಿ ಕೊಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ನಿಂತದ್ದು ಬೀರುವಿನ ಮಾತಿನ ಮೇಲೆ. ಆ ಪುಸ್ತಕಗಳು ಸಾಹಿತ್ಯದ ಮೇಲಿನ ಗೌರವದಿಂದ ಶಾಲೆಗೆ ಬಂದವು. ಎದುರಿಗೆ ಕುಳಿತ ಹದಿನಾಲ್ಕು ವರ್ಷದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನೆನೆದು ಆರಿಸಿದವಲ್ಲ. ಓದಲು ಒಲ್ಲದ ಮಗುವಿಗೆ ಪುಸ್ತಕ ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಆ ಮಗುವಿಗೆ ಶಿಕ್ಷಕರಿಗಿಂತ ಚೆನ್ನಾಗಿ ಗೊತ್ತಿರುವ ಸಂಗತಿ ಯಾವುದು ಎಂಬುದು. ಮೊದಲ ಪುಸ್ತಕ ಅಲ್ಲಿಂದಲೇ ಶುರುವಾಗಬೇಕು.

ಅದಕ್ಕೂ ಮುಂಚೆ, ಓದಲು ಒಲ್ಲದವರು ಯಾರು, ಓದಲು ಆಗದವರು ಯಾರು ಎಂಬುದನ್ನು ತಿಳಿದುಕೊಳ್ಳಿ. ಒಬ್ಬೊಬ್ಬರನ್ನೇ, ತರಗತಿಯ ಎದುರಿಗಲ್ಲದೆ, ಕರೆದು ಅರ್ಧ ಪುಟ ಓದಿಸಿ, ಏನು ಓದಿದಿ ಎಂದು ಮೆಲ್ಲಗೆ ಕೇಳಿ. ಒತ್ತಕ್ಷರ ಬಂದಲ್ಲೆಲ್ಲ ತಡವರಿಸುವ ಮಗು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅದರ ಮೊದಲನ್ನು ಮರೆತಿರುತ್ತದೆ. ಅದರ ಕೈಗೆ ಕಾದಂಬರಿ ಕೊಡುವುದು ಸಲ್ಲದು. ಅಂಥವರಿಗೆ ರಾಷ್ಟ್ರೋತ್ಥಾನದ ‘ಭಾರತ ಭಾರತಿ’ ಮಾಲೆಯ ಪುಟ್ಟ ಜೀವನಚರಿತ್ರೆಗಳು ಒದಗುತ್ತವೆ. ಆ ಮಾಲೆಯಲ್ಲಿ ಐದುನೂರಕ್ಕೂ ಹೆಚ್ಚು ಪುಸ್ತಕಗಳಿರುವುದರಿಂದ ಮಗುವಿಗೆ ಬೇಕಾದ ವ್ಯಕ್ತಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಣೆಯಾಗಿ ಉಚಿತವಾಗಿ ದೊರೆಯುತ್ತವೆ. ಆದರೆ ಹೈಸ್ಕೂಲಿನ ಹುಡುಗನ ಕೈಗೆ ಎಲ್ಲರ ಮುಂದೆ ಪುಟಾಣಿಗಳ ಪುಸ್ತಕ ಕೊಟ್ಟರೆ ಅವನ ಮನಸ್ಸು ನೋಯುತ್ತದೆ. ಕೆಳಗಿನ ತರಗತಿಯ ಮಕ್ಕಳಿಗೆ ಓದಿ ಹೇಳುವ ಕೆಲಸವನ್ನು ಅವನಿಗೆ ವಹಿಸಿ. ಆಗ ಅದೇ ಪುಸ್ತಕವನ್ನು ಅವನು ಮೂರು ಸಲ ಓದಿ ಸಿದ್ಧವಾಗುತ್ತಾನೆ.

ಓದಲು ಬಂದೂ ಒಲ್ಲದವರಿಗೆ ನಾನು ಮೊದಲು ಹೇಳುವ ಹೆಸರು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಈ ತೆಳ್ಳನೆಯ ಕಾದಂಬರಿಯಲ್ಲಿ ಮಂದಣ್ಣ ಎಂಬ ಹಳ್ಳಿಯ ಯುವಕನಿದ್ದಾನೆ. ಊರಿನವರ ಕಣ್ಣಿಗೆ ಅವನು ಯಾವ ಕೆಲಸಕ್ಕೂ ಬಾರದವನು. ವಿಜ್ಞಾನಿ ಕರ್ವಾಲೊ ಅವರ ಕಣ್ಣಿಗೆ ಮಾತ್ರ ಕಾಡನ್ನು ನೋಡಬಲ್ಲ ಅಪರೂಪದ ಮನುಷ್ಯ. ಕೊನೆಯ ಬೆಂಚಿನ ಹುಡುಗ ಈ ಪುಸ್ತಕವನ್ನು ಹಿಡಿದುಕೊಳ್ಳುವುದು ಹಾರುವ ಓತಿಯ ಬೇಟೆಯ ಕುತೂಹಲಕ್ಕಾಗಿ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಪಾಠ ಮಾಡುತ್ತ ಮಾಡುತ್ತ ಅರ್ಥವಾದದ್ದು ಬೇರೆ: ತನ್ನಂಥವನೊಬ್ಬನಿಗೆ ಒಬ್ಬ ದೊಡ್ಡ ಮನುಷ್ಯ ಮರ್ಯಾದೆ ಕೊಡುವುದನ್ನು ಅವನು ಅಲ್ಲಿ ಮೊದಲ ಬಾರಿಗೆ ನೋಡುತ್ತಾನೆ. ಹೊಳೆ, ಮೀನು, ನಾಯಿ ಎಂದು ಅಲೆಯುವವರಿಗೆ ತೇಜಸ್ವಿಯವರದೇ ‘ಪರಿಸರದ ಕತೆ’ ಇನ್ನೂ ಸುಲಭ, ಏಕೆಂದರೆ ಅದನ್ನು ಎಲ್ಲಿ ತೆರೆದರೂ ಓದಬಹುದು.

ಆದರೂ ಮಲೆನಾಡಿನ ಕಾಡು ನಿಮ್ಮ ಮಕ್ಕಳಿಗೆ ದೂರದ್ದು. ನಿಮ್ಮ ಪಕ್ಕದ ಸಂಡೂರಿನವರಾದ ವಸುಧೇಂದ್ರ ಅವರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಎಂಬ ಪ್ರಬಂಧ ಸಂಕಲನ ಅವರಿಗೆ ಹತ್ತಿರವಾಗುತ್ತದೆ. ಅದರಲ್ಲಿ ಬರುವಂಥ ಅಮ್ಮ ಪ್ರತಿ ಮನೆಯಲ್ಲೂ ಇರುವವಳು. ಅರವಿಂದ ಮಾಲಗತ್ತಿಯವರ ಆತ್ಮಕಥನ ‘ಗೌರ್ಮೆಂಟ್ ಬ್ರಾಹ್ಮಣ’ದ ಬಾಲ್ಯದ ಮತ್ತು ಶಾಲೆಯ ಅಧ್ಯಾಯಗಳೂ ಉತ್ತರ ಕರ್ನಾಟಕದ ನೆಲದವೇ. ಅದನ್ನು ಕೊಡುವ ಮುನ್ನ ನೀವು ಪೂರ್ತಿ ಓದಿರಬೇಕು. ಜಾತಿಯ ಅವಮಾನವನ್ನು ಕುರಿತ ಬರಹವನ್ನು ತರಗತಿಗೆ ತಂದಾಗ, ಎಲ್ಲರ ಕಣ್ಣು ಯಾವುದೋ ಒಂದು ಮಗುವಿನ ಕಡೆಗೆ ತಿರುಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಗಣಿತ, ವಿಜ್ಞಾನದಲ್ಲಿ ಮುಂದಿದ್ದು ಕಥೆಯೆಂದರೆ ಮುಖ ತಿರುಗಿಸುವವರಿಗೆ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಎಚ್. ನರಸಿಂಹಯ್ಯನವರ ಆತ್ಮಕಥೆ ‘ಹೋರಾಟದ ಹಾದಿ’ ಕೊಡಿ. ಗೌರಿಬಿದನೂರಿನ ಕಡೆಯ ಹಳ್ಳಿಯಿಂದ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಬಂದ ಹುಡುಗನ ಕಥೆ ಅದು.

ಇನ್ನು ಕೊಡುವ ಬಗೆ. ಪುಸ್ತಕವನ್ನು ಹಂಚುವ ಮೊದಲು ಅದರ ಹತ್ತು ಪುಟಗಳನ್ನು ನೀವೇ ಗಟ್ಟಿಯಾಗಿ ಓದಿ, ಮುಂದೇನಾಯಿತು ಎಂದು ಮಕ್ಕಳು ಕೇಳುವ ಜಾಗದಲ್ಲಿ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋಗಿ. ಹಿಡಿಸದ ಪುಸ್ತಕವನ್ನು ಇಪ್ಪತ್ತನೆಯ ಪುಟದಲ್ಲಿ ಬಿಟ್ಟು ಇನ್ನೊಂದನ್ನು ಕೇಳಲು ಅವರಿಗೆ ಸಂಕೋಚವಾಗದಿರಲಿ. ಓದಿದ ಮೇಲೆ ಸಾರಾಂಶ ಬರೆಸಬೇಡಿ. ನಾನು ವರ್ಷಗಟ್ಟಲೆ ಬರೆಸಿದೆ. ಮಕ್ಕಳು ಮುನ್ನುಡಿ ಮತ್ತು ಬೆನ್ನುಡಿಯನ್ನು ನಕಲು ಮಾಡುವುದನ್ನು ಕಲಿತರು, ಓದುವುದನ್ನಲ್ಲ. ಆ ತಪ್ಪಿನ ಬಗ್ಗೆ ನನಗೆ ಇಂದಿಗೂ ಬೇಸರವಿದೆ.

ಬೀರುವಿನಲ್ಲಿ ಈ ಪುಸ್ತಕಗಳು ಇರದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ವಿಚಾರಿಸಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ನಲವತ್ತು ಮಕ್ಕಳನ್ನೂ ಒಂದು ಮಧ್ಯಾಹ್ನ ಅಲ್ಲಿಗೆ ಕರೆದುಕೊಂಡು ಹೋಗಿ, ತಮಗೆ ಬೇಕಾದ ಪುಸ್ತಕವನ್ನು ತಾವೇ ತೆಗೆದುಕೊಳ್ಳಲು ಬಿಡಿ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ಇಂಗ್ಲಿಷ್ ಮಾಧ್ಯಮದ ಹತ್ತನೆಯ ತರಗತಿಯಲ್ಲಿದ್ದಾಳೆ. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ, ಇಂಗ್ಲಿಷ್ ಕಾದಂಬರಿಗಳನ್ನು ಓದುತ್ತಾಳೆ. ಕನ್ನಡ ಪುಸ್ತಕ ಮಾತ್ರ ಎರಡನೆಯ ಪುಟ ದಾಟುವುದಿಲ್ಲ.

ಉತ್ತರ: ಅವಳಿಗೆ ಇಲ್ಲದಿರುವುದು ಆಸಕ್ತಿಯಲ್ಲ, ವೇಗ. ಇಂಗ್ಲಿಷಿನಲ್ಲಿ ಕಥೆಯ ಜೊತೆಗೇ ಓಡುವ ಕಣ್ಣು ಕನ್ನಡದಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಹಿಂದೆ ಬಿದ್ದಾಗ, ಬುದ್ಧಿವಂತ ಮಗುವಿಗೆ ಅದು ಅವಮಾನದಂತೆ ಅನ್ನಿಸುತ್ತದೆ. ಮಾತೃಭಾಷೆಯೇ ಬಾರದೆ ಎಂದು ನೆಂಟರ ಮುಂದೆ ಆಡುವ ಒಂದು ಮಾತು ಆ ಪುಸ್ತಕವನ್ನು ಇನ್ನೊಂದು ವರ್ಷ ಮುಚ್ಚಿಡುತ್ತದೆ. ದಯವಿಟ್ಟು ಯಾರೂ ಹಾಗೆ ಹೇಳದಂತೆ ನೋಡಿಕೊಳ್ಳಿ.

ಕಥೆ ಮೊದಲೇ ಗೊತ್ತಿದ್ದರೆ ಕಣ್ಣಿಗೆ ಅರ್ಧ ಕೆಲಸ ಕಡಿಮೆ. ಜಿಮ್ ಕಾರ್ಬೆಟ್ ಬರೆದ ರುದ್ರಪ್ರಯಾಗದ ಚಿರತೆಯ ಕಥೆಯನ್ನು ಅವಳು ಇಂಗ್ಲಿಷಿನಲ್ಲಿ ಓದಿದ್ದರೆ, ತೇಜಸ್ವಿಯವರು ಕನ್ನಡಕ್ಕೆ ತಂದ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ವನ್ನು ಕೊಡಿ. ಓದಿರದಿದ್ದರೆ ಮೊದಲ ಅಧ್ಯಾಯವನ್ನು ನೀವು ಓದಿ, ಎರಡನೆಯದರಲ್ಲಿ ಒಂದು ಪುಟ ನೀವು, ಒಂದು ಪುಟ ಅವಳು ಎಂದು ಹಂಚಿಕೊಳ್ಳಿ. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ಸಾಕು. ಪ್ರವಾಸದ ಆಸೆಯಿದ್ದರೆ ನೇಮಿಚಂದ್ರ ಅವರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಇದೆ. ಅಮೆಜಾನ್, ಇಂಕಾ ಎಂಬ ಹೆಸರುಗಳು ಅವಳಿಗೆ ಪರಿಚಿತವಾದ್ದರಿಂದ ಭಾಷೆಯ ಭಾರ ಹಗುರಾಗುತ್ತದೆ. ಹತ್ತನೆಯ ತರಗತಿಯ ಪರೀಕ್ಷೆಯ ತಿಂಗಳುಗಳಲ್ಲಿ ಒತ್ತಾಯ ಬೇಡ, ಬೇಸಿಗೆ ರಜೆಯವರೆಗೆ ಕಾಯಬಹುದು.

ಪ್ರಶ್ನೆ: ನನ್ನ ಮಗ ಎಂಟನೆಯ ತರಗತಿ. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ಪತ್ತೇದಾರಿ ಕಾದಂಬರಿಗಳನ್ನು ಬಿಟ್ಟು ಬೇರೇನೂ ಓದುವುದಿಲ್ಲ. ಬಿಡಿಸಬೇಕೇ?

ಉತ್ತರ: ಬಿಡಿಸಬೇಡಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿಯೇ ಕನ್ನಡ ಓದಲು ಕಲಿತ ಹಿರಿಯರು ನಾಡಿನ ತುಂಬ ಇದ್ದಾರೆ. ನಿಮ್ಮ ತಂದೆಯವರೂ ಅವರಲ್ಲಿ ಒಬ್ಬರಿರಬಹುದು. ಅವನಿಗೆ ಬೇಕಿರುವುದು ಗುಟ್ಟು, ಸಂಚು, ಬೆನ್ನಟ್ಟುವಿಕೆ. ಅವನ್ನೇ ಇನ್ನೂ ಶ್ರೀಮಂತವಾಗಿ ಕೊಡುವ ಪುಸ್ತಕವನ್ನು ಅದೇ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಸೇರಿಸಿಡಿ. ಏಲಕ್ಕಿಯ ನಾಡಿನ ಕಳ್ಳಸಾಗಣೆಯ ಸುತ್ತ ಹೆಣೆದ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಒಂದೆರಡು ವರ್ಷದ ನಂತರಕ್ಕೆ ಇರಲಿ. ಈಗ ತ.ರಾ.ಸು. ಅವರ ‘ಕಂಬನಿಯ ಕುಯಿಲು’ ಇಡಬಹುದು; ಚಿತ್ರದುರ್ಗದ ಅರಮನೆಯ ಒಳಸಂಚು ಅಲ್ಲಿ ಆರಂಭವಾಗಿ ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ಮುಂದುವರಿಯುತ್ತದೆ. ಮೂರನ್ನೂ ಅವನು ಮುಗಿಸಿದರೆ, ತ.ರಾ.ಸು. ಅವರದೇ ‘ದುರ್ಗಾಸ್ತಮಾನ’ದ ದಪ್ಪ ಸಂಪುಟವನ್ನು ಕೈಗೆ ಕೊಡುವ ಮೊದಲು ಒಂದು ಭಾನುವಾರ ಅವನನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿ ಬನ್ನಿ.