ವಾರ್ಫರಿನ್ ತಗೊಳ್ಳೋರು ಸಿಬಿಡಿ ಎಣ್ಣೆ ತಗೋಬಹುದಾ? ಜೊತೆಗೆ ಡ್ರಿಂಕ್ಸ್?
ಮಂಡ್ಯದಲ್ಲಿರೋ ನಿಮ್ ತಂದೆಯವ್ರು ಮಂಡಿನೋವಿಗೆ ಸಿಬಿಡಿ (ಗಾಂಜಾ ಗಿಡದಲ್ಲಿರೋ ಒಂದು ಅಂಶ) ಎಣ್ಣೆ ಶುರು ಮಾಡಿದಾರೆ, ಹಾರ್ಟಿಗೆ ವಾರ್ಫರಿನ್ ಅನ್ನೋ ರಕ್ತ ಹೆಪ್ಪುಗಟ್ಟದಂಗೆ ತಡೆಯೋ ಮಾತ್ರೆ ಇದೆ, ಸಂಜೆ ಒಂದೆರಡು ಪೆಗ್ಗೂ ಇದೆ ಅಂದ್ರಲ್ಲ, ನನಗೆ ಜಾಸ್ತಿ ಭಯ ಆಗ್ತಿರೋದು ಆ ವಾರ್ಫರಿನ್ ವಿಷ್ಯಕ್ಕೆ. ನಾವು ನುಂಗೋ ಎಷ್ಟೋ ಔಷಧಿನ ಲಿವರ್‌ನಲ್ಲಿರೋ ಸಿವೈಪಿ ಅನ್ನೋ ಎಂಜೈಮ್‌ಗಳು ಕರಗಿಸ್ತವೆ, ಸಿಬಿಡಿ ಅವುಗಳ ಕೆಲ್ಸಾನೇ ನಿಧಾನ ಮಾಡುತ್ತೆ, ಹಂಗಾಗಿ ಡೋಸ್ ಅದೇ ಇದ್ರೂ ವಾರ್ಫರಿನ್ ರಕ್ತದಲ್ಲಿ ಹೆಚ್ಚು ಉಳ್ಕೊಂಡು ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ತೋರ್ಸೋ ಟೆಸ್ಟ್) ಏರ್ಬಹುದು, ಆಗ ಒಸಡಲ್ಲಿ ರಕ್ತ, ಕಪ್ಪು ಮಲ, ಜಾರಿ ಬಿದ್ರೆ ತಲೆ ಒಳಗೇ ಬ್ಲೀಡಿಂಗ್ ಆಗ್ಬಹುದು. ಬಾಟಲ್ ಮೇಲೆ ‘ವಿಜಯಾ’ (ಆಯುರ್ವೇದದಲ್ಲಿ ಗಾಂಜಾ ಗಿಡದ ಹೆಸರು), ಆಯುರ್ವೇದ ಅಂತ ಇದ್ರೂ ಒಳಗೆ ಸಿಬಿಡಿ ಇದ್ರೆ ಇದೇ ಕಥೆ.

ಫಿಟ್ಸ್ ಮಾತ್ರೆಗಳಲ್ಲೂ ಹಿಂಗೇ, ಕ್ಲೋಬಜಾಮ್ ಜೊತೆ ವಿಪರೀತ ಮಂಪರು, ವಾಲ್ಪ್ರೋಯೇಟ್ ಜೊತೆ ಲಿವರ್‌ಗೆ ತೊಂದ್ರೆ. 2018ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಸಿಬಿಡಿ ಔಷಧಿ ಎಪಿಡಿಯೊಲೆಕ್ಸ್‌ನ ಲೇಬಲ್ಲಲ್ಲೇ ಈ ಎಚ್ಚರಿಕೆ ಇದೆ.

ಡ್ರಿಂಕ್ಸ್ ಸೇರಿದ್ರೆ ಮಂಪರು ಇನ್ನೂ ಜಾಸ್ತಿ, ರಾತ್ರಿ ಬಾತ್‌ರೂಮಿಗೆ ಎದ್ದಾಗ ಕಾಲು ತಡವರಿಸಿದ್ರೆ ಸಾಕು. ಸಿಬಿಡಿ ಎಣ್ಣೆ, ಪೆಗ್ಗು ಎರಡೂ ಇವತ್ತೇ ನಿಲ್ಲಿಸಿ, ಆದ್ರೆ ವಾರ್ಫರಿನ್ ಮಾತ್ರ ನೀವಾಗೇ ನಿಲ್ಲಿಸ್ಬೇಡಿ ದಯವಿಟ್ಟು, ಆ ಬಾಟಲ್ ತಗೊಂಡೇ ಡಾಕ್ಟರ್ ಹತ್ರ ಹೋಗಿ ಐಎನ್‌ಆರ್ ಚೆಕ್ ಮಾಡ್ಸಿ.