ಒಂದೇ ನಿರ್ವಾತವನ್ನು ಇಟ್ಟುಕೊಂಡರೆ ಸಾಲದೇ?

ಕ್ವಾರ್ಕುಗಳನ್ನು ಬೆಸೆಯುವ ಪ್ರಬಲ ಬಲದಂಥ ಗೇಜ್ ಸಿದ್ಧಾಂತದ ಸೂತ್ರಕ್ಕೆ ಸೇರಿಸಬಹುದಾದ ಥೀಟಾ ಪದ ಟೋಟಲ್ ಡೆರಿವೇಟಿವ್ (ಗಡಿಯಲ್ಲಿನ ಬೆಲೆಯಷ್ಟೇ ಲೆಕ್ಕಕ್ಕೆ ಬರುವಂಥದ್ದು), ಚಲನೆಯ ಸಮೀಕರಣಗಳಿಗೆ ಅದರಿಂದ ಏನೂ ಆಗದು ಎಂದಿದ್ದೀರಿ, ಅಷ್ಟು ಸರಿ. ಆದರೆ ಈ ಸಿದ್ಧಾಂತದ ಹಲವು ನಿರ್ವಾತಗಳಲ್ಲಿ (ಅತಿ ಕಡಿಮೆ ಶಕ್ತಿಯ ಸ್ಥಿತಿಗಳಲ್ಲಿ) ಸುತ್ತುಸಂಖ್ಯೆ, ಅಂದರೆ ಕ್ಷೇತ್ರ ಎಷ್ಟು ಸಲ ಸುತ್ತಿಕೊಂಡಿದೆ ಎಂಬ ಪೂರ್ಣಾಂಕ, ಸೊನ್ನೆಯಿರುವ ಒಂದನ್ನೇ ಉಳಿಸಿಕೊಂಡರೆ ಸಾಲದೇ ಎಂದು ಕೇಳಿದ್ದೀರಲ್ಲ, ತೊಡಕಿರುವುದು ಅಲ್ಲಿ.

ಆ ನಿರ್ವಾತ ಇದ್ದಲ್ಲೇ ಇರುವುದಿಲ್ಲ. 1975ರಲ್ಲಿ ಬೆಲಾವಿನ್, ಪೊಲ್ಯಾಕೋವ್, ಶ್ವಾರ್ಟ್ಸ್ ಮತ್ತು ತ್ಯೂಪ್ಕಿನ್ ಕಂಡುಕೊಂಡ ಇನ್‌ಸ್ಟಾಂಟನ್ ಎಂಬ ಕ್ಷೇತ್ರವಿನ್ಯಾಸ ಒಂದು ನಿರ್ವಾತದಿಂದ ಪಕ್ಕದ ನಿರ್ವಾತಕ್ಕೆ ಸುರಂಗ ಕೊರೆಯುತ್ತದೆ. ಅದರ ಆ್ಯಕ್ಷನ್ (ಸುರಂಗ ದಾಟುವ ಸಂಭವನೀಯತೆಯನ್ನು ನಿರ್ಧರಿಸುವ ಮೊತ್ತ) ಪರಿಮಿತ. ಆದ್ದರಿಂದ ಸಂಭವನೀಯತೆ ಎಷ್ಟೇ ಸಣ್ಣದಾದರೂ ಸೊನ್ನೆಯಲ್ಲ. ಮೇಲಾಗಿ, ಸುತ್ತುಸಂಖ್ಯೆಯನ್ನು ಒಂದು ಹೆಚ್ಚಿಸುವ ಗೇಜ್ ರೂಪಾಂತರವೇ (ಅಳೆಯಬಹುದಾದ ಯಾವುದನ್ನೂ ಬದಲಿಸದ ಮಾರ್ಪಾಡು) ಇದೆ. ಅದರಡಿ ಕೇವಲ ಫೇಸ್ (ಅಲೆಯ ಕೋನ) ಬದಲಾಗುವ ಸ್ಥಿತಿ ಬೇಕಾದರೆ ಎಲ್ಲ ನಿರ್ವಾತಗಳನ್ನೂ ಬೆರೆಸಲೇಬೇಕು, ಸ್ಫಟಿಕದಲ್ಲಿ ಎಲ್ಲ ಪರಮಾಣುಗಳಿಗೂ ಹರಡಿದ ಬ್ಲಾಖ್ (Bloch) ಅಲೆಗಳನ್ನು ಕಟ್ಟುವ ಹಾಗೆ. ಆ ಫೇಸ್ ಕೋನವೇ ಥೀಟಾ. ಗೇಜ್‌ಗೆ ಬದಲಾಗದ ಯಾವ ಸ್ಥಳೀಯ ಕ್ರಿಯೆಯೂ ಒಂದು ಥೀಟಾದಿಂದ ಇನ್ನೊಂದಕ್ಕೆ ದಾಟಿಸಲಾರದು. ಪಠ್ಯಪುಸ್ತಕಗಳು ಈ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ, ಗೊಂದಲ ಸಹಜ.

ಥೀಟಾ ಪದ ಟೋಟಲ್ ಡೆರಿವೇಟಿವ್ ಆದರೂ ಅನಂತದ ಗಡಿಯಲ್ಲಿ ಅದು ಅಳಿಯುವುದಿಲ್ಲ, ಪೂರ್ಣಾಂಕವೊಂದನ್ನು ಉಳಿಸುತ್ತದೆ. ನಾಲ್ಕು ಆಯಾಮದ ಸಾಮಾನ್ಯ ವಿದ್ಯುತ್ಕಾಂತತೆಯಲ್ಲಿ ಇಂಥ ಸುತ್ತುಗಳಿಲ್ಲ.

ಪ್ರಬಲ ಬಲದಲ್ಲಿ ಥೀಟಾ ಸೊನ್ನೆಯಲ್ಲದಿದ್ದರೆ ನ್ಯೂಟ್ರಾನಿಗೆ ವಿದ್ಯುತ್ ದ್ವಿಧ್ರುವ ಮಹತ್ವ (ಡೈಪೋಲ್ ಮೊಮೆಂಟ್, ಒಳಗಿನ ಧನ-ಋಣ ವಿದ್ಯುದಂಶಗಳು ತುಸು ಬೇರೆಬೇರೆಯಾಗಿರುವುದರ ಅಳತೆ) ಬರಬೇಕು. ಪ್ರಯೋಗಗಳಲ್ಲಿ ಅದು ಕಂಡಿಲ್ಲ. ಕ್ವಾರ್ಕ್ ದ್ರವ್ಯರಾಶಿಗಳ ಫೇಸನ್ನೂ ಸೇರಿಸಿದ ಥೀಟಾ ಸುಮಾರು ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇರಬೇಕು. ಒಂದು ಕ್ವಾರ್ಕಿಗಾದರೂ ದ್ರವ್ಯರಾಶಿ ಇಲ್ಲದಿದ್ದರೆ ಥೀಟಾವನ್ನು ತೊಡೆದುಹಾಕಬಹುದಿತ್ತು, ಆದರೆ ಲ್ಯಾಟಿಸ್ ಲೆಕ್ಕಾಚಾರಗಳು (ದೇಶಕಾಲವನ್ನು ಚೌಕಳಿಯಾಗಿಸಿ ಕಂಪ್ಯೂಟರಿನಲ್ಲಿ ಮಾಡುವ ಲೆಕ್ಕಗಳು) ಅಪ್ ಕ್ವಾರ್ಕಿಗೂ ದ್ರವ್ಯರಾಶಿ ಇದೆ ಎನ್ನುತ್ತವೆ.