ಒಂಟಿ ಇಲಿಗೆ ಜೊತೆ ತಂದ್ರೆ ಕಚ್ಚಿದ್ಯಾಕೆ?

ದಾವಣಗೆರೆಯ ಓದುಗರೊಬ್ಬರ ಪತ್ರ: ಮಗನಿಗೆ ಅಂತ ತಂದ ಎರಡು ಪುಟ್ಟ ಬಿಳಿ ಇಲಿಗಳಲ್ಲಿ ಒಂದು ಸತ್ತೋಯ್ತಂತೆ, ಉಳಿದ ಗಂಡಿಲಿ ಒಂದೂವರೆ ತಿಂಗಳು ಒಂಟಿ, ಪಾಪ ಅಂತ ಇನ್ನೊಂದು ಗಂಡಿಲಿ ತಂದು ಬಿಟ್ರೆ ಐದೇ ನಿಮಿಷಕ್ಕೆ ಅದರ ಬೆನ್ನು ಕಚ್ಚಿ ರಕ್ತ. "ಬೇಜಾರಾಗಿದ್ರೆ ಜೊತೆ ಸಿಕ್ಕಿದ್ದಕ್ಕೆ ಖುಷಿ ಪಡ್ಬೇಕಿತ್ತಲ್ವಾ?" ಅಂತ ಕೇಳಿದಾರೆ.

ಮೇಡಂ, ಮೊದ್ಲು ಮಗನಿಗೆ ಹೇಳಿ, ಅವನ ಇಲಿ ಕೆಟ್ಟದ್ದಲ್ಲ. ಎಷ್ಟು ದಿನ ಒಂಟಿ ಇತ್ತು ಅನ್ನೋದ್ರಲ್ಲೇ ಇರೋದು ವಿಷಯ.

ಒಂದು ದಿನ ಆದ್ರೆ ನೀವಂದಂಗೆ ಖುಷೀನೇ. ಇದು ಗೊತ್ತಾಗಿದ್ದೂ ಆಕಸ್ಮಿಕವಾಗಿ. ಗಿಲಿಯನ್ ಮ್ಯಾಥ್ಯೂಸ್ ಲಂಡನ್ನಿನ ಇಂಪೀರಿಯಲ್ ಕಾಲೇಜಲ್ಲಿ ಕೊಕೇನ್ ಇಲಿ ಮೆದುಳಿಗೆ ಏನ್ಮಾಡತ್ತೆ ಅಂತ ನೋಡ್ತಿದ್ರು, ಹೋಲಿಕೆಗೆ ಬರೀ ಉಪ್ಪುನೀರು ಚುಚ್ಚಿದ ಇಲಿಗಳಲ್ಲೂ ಅದೇ ಬದಲಾವಣೆ ಕಾಣ್ಬೇಕಾ! ಆಮೇಲೆ ಹೊಳೀತು, ಎರಡೂ ಗುಂಪನ್ನ 24 ಗಂಟೆ ಒಂಟಿಯಾಗಿ ಇಟ್ಟಿದ್ರು, ಕೆಲಸ ಮಾಡಿದ್ದು ಆ ಒಂಟಿತನ. ಅಮೆರಿಕದ ಎಂಐಟಿಯಲ್ಲಿ ಕೇ ಟೈ ಅನ್ನೋ ವಿಜ್ಞಾನಿಯ ಲ್ಯಾಬಿಗೆ ಹೋಗಿ ಅದನ್ನೇ ಹಿಡ್ಕೊಂಡು 2016ರಲ್ಲಿ ಪ್ರಕಟಿಸಿದ್ರು: ಮೆದುಳಿನ ಡಾರ್ಸಲ್ ರಾಫೆ ಅನ್ನೋ ಜಾಗದಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಬಿಡೋ ಕೋಶಗಳು ಚುರುಕಾಗಿ ಇಲಿ ಜೊತೆ ಹುಡುಕ್ಕೊಂಡು ಹೋಗತ್ತೆ, ಹಸಿವಾದಾಗ ಊಟ ಹುಡುಕ್ದಂಗೆ.

ಎರಡು ವಾರ ಆಯ್ತೋ, ಕಥೆ ಉಲ್ಟಾ. ಅಮೆರಿಕದ್ದೇ ಇನ್ನೊಂದು ವಿಶ್ವವಿದ್ಯಾಲಯ ಕ್ಯಾಲ್ಟೆಕ್‌ನ ಡೇವಿಡ್ ಆಂಡರ್ಸನ್ ಲ್ಯಾಬಲ್ಲಿ ಮೊರಿಯಲ್ ಝೆಲಿಕೋವ್ಸ್ಕಿ 2018ರಲ್ಲಿ ತೋರಿಸಿದ್ದು ಇದನ್ನ. ಅಷ್ಟು ದಿನ ಒಂಟಿ ಇದ್ದ ಇಲಿಗಳು ಹೊಸ ಇಲಿ ಕಂಡ್ರೆ ಮೇಲೆ ಬೀಳ್ತವೆ, ಹೆದರಿಸಿದ್ರೆ ಬೇರೆ ಇಲಿಗಳು ಸ್ವಲ್ಪ ಹೊತ್ತಿಗೆ ಓಡಾಡೋಕೆ ಶುರು ಮಾಡಿದ್ರೂ ಇವು ಮರಗಟ್ಟಿ ಕೂತೇ ಇರ್ತವೆ. ಒಂದೇ ದಿನ ಒಂಟಿ ಇದ್ದವಕ್ಕೆ ಹಿಂಗಾಗ್ಲಿಲ್ಲ. ಕಾರಣ ಮೆದುಳಿನಲ್ಲೆಲ್ಲಾ ಹೆಚ್ಚಾಗೋ ನ್ಯೂರೋಕೈನಿನ್ ಬಿ ಅನ್ನೋ ರಾಸಾಯನಿಕ, ಅದನ್ನ ತಡೆಯೋ ಓಸಾನೆಟಂಟ್ ಕೊಟ್ಟಾಗ ಅದೇ ಸಿಡುಕು ಇಲಿಗಳನ್ನ ವಾಪಸ್ ಗುಂಪಿಗೆ ಬಿಟ್ರೂ ಜಗಳ ಇಲ್ಲ. ಈ ಮದ್ದು ನಿಮ್ಮೂರ ಮೆಡಿಕಲ್ ಶಾಪಲ್ಲಿ ಸಿಗಲ್ಲ ಬಿಡಿ.

ಒಂಟಿತನದ ಮೇಲೇ ಎಲ್ಲಾ ಹಾಕೋಕೂ ಆಗಲ್ಲ, ಗುರುತಿಲ್ಲದ ಎರಡು ಗಂಡಿಲಿ ಒಂದೇ ಪಂಜರಕ್ಕೆ ಬಿದ್ರೆ ಜಗಳ ಮಾಮೂಲಿ, ಅದೂ ಒಬ್ಬನ ಮನೆಗೇ ಇನ್ನೊಬ್ಬನ್ನ ನುಗ್ಗಿಸಿದ್ರೆ ಕೇಳ್ಬೇಕಾ! ಹಂಗಂತ ಹೆಣ್ಣಿಲಿ ತರ್ಬೇಡಿ, ಮೂರೇ ವಾರಕ್ಕೆ ಮರಿ.

ಸದ್ಯಕ್ಕೆ ಎರಡು ಪಂಜರ ಪಕ್ಕಪಕ್ಕ ಇಡಿ, ಮೂತಿ ತಾಗದಷ್ಟು ಗ್ಯಾಪ್ ಇರ್ಲಿ, ಕೆಳಗೆ ಹಾಸಿರೋ ಮರದ ಹೊಟ್ಟು ಒಂದು ಹಿಡಿ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಹಾಕಿ, ವಾಸನೆ ಪರಿಚಯ ಆಗ್ಲಿ. ಅಷ್ಟಾದ್ಮೇಲೂ ಬಾಲ ಅದುರಿಸ್ತಾ ಕಂಬಿಗೆ ಹಾರಿದ್ರೆ ಒಟ್ಟಿಗೆ ಬಿಡೋ ಆಸೆ ಬಿಡಿ. ಕಚ್ಚಿಸ್ಕೊಂಡ ಇಲಿನ ನಾಳೇನೇ ವೆಟ್ ಹತ್ರ ತೋರಿಸಿ, ಬೆನ್ನಿನ ಗಾಯ ಬೇಗ ಕೀವಾಗತ್ತೆ.

- ಸಂ.